ಕುಡಿಯುವ ಸ್ವಿಚ್ಚು
ಹಳಿಯಾಳದಲ್ಲಿ ನನ್ನ ಇಂಟರ್ನೆಟ್ ಅಂಗಡಿ ಆಗಷ್ಟೇ ಶುರುವಾಗಿತ್ತು. ಜಾಗ ಬಾಡಿಗೆಗೆ ಕೊಟ್ಟ, ಊರಿಗೆಲ್ಲ ಚಿಕ್ಕಮ್ಮನಂತಿದ್ದ ದ್ವಾರಕಾ ಮಾವಶಿ ಗೋಡೆಗೆ ಮೊಳೆ ಹೊಡೆದರೂ ಸುಮ್ಮನಿರುತ್ತಿದ್ದಳು, ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗಿದರೆ ಮಾತ್ರ ಬಿಡುತ್ತಿರಲಿಲ್ಲ. ಹಗಲಲ್ಲಿ ದೀಪ ಹಚ್ಚಿದವರಿಗೆ, ‘ಸೂರ್ಯಾಗ ದಾರಿ ತೋರಸಾಕತ್ತೀರೇನು?’ ಎನ್ನುವಳು. ಮೇಲ್ ಬರೆಯುತ್ತಿದ್ದ ಗಿರಾಕಿಯ ಬೆರಳು ನಿಂತರೆ, ‘ವಿಚಾರ ಮಾಡೂದಿದ್ರ ಹೊರಗ ಕುಂತ ಮಾಡ್ರಿ’ ಎನ್ನುವಳು. ಆದರೆ ಕರೆಂಟು ಹೋದಾಗ ಎಲ್ಲರಿಗೂ ಚಹಾ ಕಾಸಿ ಕೊಟ್ಟು, ಯಾರೂ ಎದ್ದು ಹೋಗದಂತೆ ನೋಡಿಕೊಳ್ಳುವಳು. ನನ್ನ ಅಂಗಡಿ ಉಳಿದದ್ದು ಆ ಚಹಾದ ಋಣದಿಂದ. ಕಂಪ್ಯೂಟರುಗಳನ್ನೆಲ್ಲ ಜೋಡಿಸುವ, ಹಸಿರು ದೀಪ ಮಿಣುಕಿಸುವ ಪೆಟ್ಟಿಗೆಯ ಹೆಸರೂ ಸ್ವಿಚ್ಚೇ ಎಂದು ತಿಳಿದ ದಿನ, ಅದನ್ನು ಆರಿಸುವ ಗುಂಡಿ ಹುಡುಕಿ ಹುಡುಕಿ ಸೋತಳು. ‘ಕರೆಂಟ್ ತಡಿಯೂದು ಸ್ವಿಚ್ಚು. ಇದ್ಯಾವ್ದೋ ಕುಡಿಯೂ ಸ್ವಿಚ್ಚು?’ ‘ಝೀರೋ ಬಲ್ಬಿನಷ್ಟ ಕುಡಿತೈತಿ, ಮಾವಶಿ,’ ಎಂದೆ. ‘ಕುಡಿದದ್ದು ಎಲ್ಲಿ ಹೋಗ್ತೈತಿ?’ ‘ಕಡೀಕ ಬಿಸಿ ಆಗ್ತೈತಿ.’ ನಂಬದೆ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಅವಳ ತವರು ಸೂಪಾ ಅಣೆಕಟ್ಟಿನ ನೀರಲ್ಲಿ ಮುಳುಗಿತ್ತು, ಊರಿಗೆಲ್ಲ ಬರುವುದು ಆ ನೀರಿನದೇ ಕರೆಂಟು ಎಂದು ಅವಳ ನಂಬಿಕೆ. ‘ಇದನ್ನ ಆರಸಬ್ಯಾಡಪಾ,’ ಎಂದಳು. ‘ಪುಣ್ಯಾ ಬರ್ಲಿ ನಿನಗ. ನಮ್ಮವ್ವನ ಒಲಿ ಇನ್ನೂ ಬೆಚ್ಚಗೈತಿ.’