ಹೂವಪ್ಪನ ಕೂಗು

ಮೊದಲೇ ಹೇಳಿಬಿಡುತ್ತೇನೆ, ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಎದ್ದು ಹೋಗುವ ಆಸಾಮಿ ನಾನು. ಮೂವತ್ತು ವರ್ಷ ಲೈನ್‌ಮ್ಯಾನ್ ಆಗಿ ದುಡಿದವನು. ಹೊಸನಗರದ ಕಡೆ ಗಾಳಿಗೆ ತಂತಿ ಹರಿದಾಗಲೆಲ್ಲ ಹೊತ್ತು ಗೊತ್ತು ನೋಡದೆ ಕಾಡು ನುಗ್ಗಿದ್ದೇನೆ. ಒಂದೂರಿನಲ್ಲಿ ಸ್ಮಶಾನದ ಹತ್ತಿರ ಕೊಳ್ಳಿ ದೆವ್ವ ಕಾಣುತ್ತದೆ ಎಂದು ಜನ ಸಂಜೆಯಾದ ಮೇಲೆ ಆ ದಾರಿಯನ್ನೇ ಬಿಟ್ಟಿದ್ದರು. ಹೋಗಿ ನೋಡಿದರೆ ಕಂಬದ ಮೇಲೆ ತಂತಿ ಹಿಡಿದಿಡುವ ಪಿಂಗಾಣಿ ಒಡೆದು ಕಿಡಿ ಹಾರಿಸುತ್ತಿತ್ತು. ಅದನ್ನು ಬದಲಾಯಿಸಿದೆ, ದೆವ್ವವೂ ಊರು ಬಿಟ್ಟಿತು. ಇಂಥ ನಾನು ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಹೂವಪ್ಪ ನನ್ನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದವನು. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು. ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಸೆಕ್ಷನ್ನಿನಲ್ಲಿ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನೆಲ್ಲ ಕಡಿಯಬೇಕಲ್ಲ, ಆಗ ಮೇಲಿರುವವನು ಯಾವಾಗಲೂ ಹೂವಪ್ಪನೇ. ಬಾಯಿ ಸುಮ್ಮನಿರುತ್ತಿರಲಿಲ್ಲ. ಮರದ ಮೇಲೂ ಮಾತು, ಕೆಳಗೂ ಮಾತು. "ಸ್ವಲ್ಪ ಬಾಯಿಗೂ ಫ್ಯೂಸ್ ಹಾಕ್ಕಳೋ" ಎಂದು ನಾನು ಬೈಯುತ್ತಿದ್ದೆ. ಅವನಿಗೆ ಅದು ನಾಟುತ್ತಲೇ ಇರಲಿಲ್ಲ.

ನಮ್ಮ ಕೆಲಸದ ಒಂದು ಕ್ರಮವನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಲೈನಿನ ಹತ್ತಿರ ಕೆಲಸ ಮಾಡುವಾಗ ತಂಡದ ಹಿರಿಯನಾದವನು ವಿದ್ಯುತ್ ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟ್ ತೆಗೆಸುತ್ತಾನೆ. ಅದಕ್ಕೆ ಲೈನ್ ಕ್ಲಿಯರ್, ಅಂದರೆ ಎಲ್.ಸಿ. ತೆಗೆದುಕೊಳ್ಳುವುದು ಎನ್ನುತ್ತೇವೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಕೊಟ್ಟು ಕರೆಂಟ್ ಬಿಡಿಸಬೇಕಾದವನೂ ಅವನೇ, ಬೇರೆಯವರು ಕೊಡುವ ಹಾಗಿಲ್ಲ. ಕಾಡಿನಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲವಾದ್ದರಿಂದ ನಮ್ಮಲ್ಲಿ ಒಂದು ರೂಢಿ ಇತ್ತು. ಮರದಿಂದ ಇಳಿದು ನೆಲ ಮುಟ್ಟಿದವನು "ಇಳ್ದೆ" ಎಂದು ಕೂಗಬೇಕು. ಆ ಕೂಗು ಕೇಳದೆ ಎಲ್.ಸಿ. ವಾಪಸ್ ಕೊಡಬಾರದು. ಉಳಿದವರು ಬರೀ "ಇಳ್ದೆ" ಎನ್ನುತ್ತಿದ್ದರು. ಹೂವಪ್ಪ ಮಾತ್ರ "ಇಳ್ದೇ ಮಾರಾಯ್ರೇ" ಎಂದು ರಾಗ ಎಳೆಯುತ್ತಿದ್ದ. ಆ ರಾಗ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಅದು ಏಪ್ರಿಲ್ ತಿಂಗಳು. ಮಧ್ಯಾಹ್ನ ಮೂರು ಗಂಟೆ ಇರಬಹುದು. ಕಾಡಿನೊಳಗಿನ ಒಂದು ತಿರುವಿನಲ್ಲಿ ಹೂವಪ್ಪ ಮತ್ತಿ ಮರದ ಕೊಂಬೆ ಕಡಿಯುತ್ತಿದ್ದ. ಕೊಂಬೆ ಎಳೆದು ಹಾಕಲು ಇಬ್ಬರು ಕೂಲಿಯವರಿದ್ದರು. ನಾನು ತಿರುವಿನ ಈಚೆ ಕಂಬದ ಬುಡದಲ್ಲಿ ನಿಂತಿದ್ದೆ. "ಇಳ್ದೇ ಮಾರಾಯ್ರೇ" ಎಂದು ಕೂಗು ಬಂತು. ಸ್ಪಷ್ಟವಾಗಿ ಬಂತು. ನಾನು ಸುರಕ್ಷತೆಗೆಂದು ತಂತಿಗೆ ಹಾಕಿದ್ದ ಅರ್ತ್ ಸರಪಳಿ ತೆಗೆದೆ, ಸ್ಟೇಷನ್ನಿಗೆ ಫೋನ್ ಮಾಡಿ ಎಲ್.ಸಿ. ವಾಪಸ್ ಕೊಟ್ಟೆ. ಎರಡು ನಿಮಿಷ ಆಗಿರಲಿಲ್ಲ, ಆಚೆಯಿಂದ ಒಂದು ಸದ್ದು, ಆಮೇಲೆ ಕೂಲಿಯವರ ಚೀರಾಟ.

ಹೂವಪ್ಪ ಮತ್ತಿ ಮರದ ಕೆಳಗೆ ಇರಲಿಲ್ಲ. ಅದರಿಂದ ಇಪ್ಪತ್ತು ಹೆಜ್ಜೆ ಆಚೆ ಇದ್ದ ದೊಡ್ಡ ಹೆಬ್ಬಲಸಿನ ಮರದ ಬುಡದಲ್ಲಿ ಬಿದ್ದಿದ್ದ. ಪಕ್ಕದಲ್ಲಿ ಒಂದು ನೀರಿನ ಕ್ಯಾನು, ಒದ್ದೆಯಾದ ಹಗ್ಗ. ಹಗ್ಗದ ತುದಿ ತಂತಿಯ ಮೇಲೆ ಬಿದ್ದಿತ್ತು. ಜೀವ ಆಗಲೇ ಹೋಗಿತ್ತು. ಕೂಲಿಯವರು ಹೇಳಿದ್ದು ಇಷ್ಟು: ಮತ್ತಿ ಮರದಿಂದ ಇಳಿದವನು "ಇನ್ನೊಂದು ಕೊಂಬೆ ಇದೆ" ಎಂದು ಹೆಬ್ಬಲಸು ಹತ್ತಿದ, ಹತ್ತಿ ಕಾಲು ಗಂಟೆಯಾಗಿತ್ತು, ನಡುವೆ ಅವನು ಕೂಗಲೇ ಇಲ್ಲ. ಇಬ್ಬರೂ ದೇವರ ಮೇಲೆ ಆಣೆ ಹಾಕಿ ಅದನ್ನೇ ಹೇಳಿದರು. ಅಂದರೆ ನನಗೆ ಕೂಗು ಕೇಳಿದಾಗ ಹೂವಪ್ಪ ಹೆಬ್ಬಲಸಿನ ತುದಿಯಲ್ಲಿದ್ದ. ಇಳಿಯದವನು ಇಳಿದೆ ಎಂದು ಯಾಕೆ ಕೂಗುತ್ತಾನೆ?

ಆ ದಿನಗಳಲ್ಲಿ ನನಗೆ ಅನ್ನ ಇಳಿಯುತ್ತಿರಲಿಲ್ಲ. ಎಲ್ಲರ ಕಣ್ಣಿನಲ್ಲೂ ನಾನೇ ಕೊಂದವನು. ವಿಚಾರಣೆಗೆ ಮೇಲಿನವರು ಬರುತ್ತಾರೆ ಎಂದು ಗೊತ್ತಾಯಿತು. ಅವರು ಜಾಗಕ್ಕೇ ಬಂದು ಮರ ಮರವನ್ನೂ ನೋಡುವವರಿದ್ದರು. ಕೊಂಬೆ ಕಡಿಯಬೇಕಾದ ಮರಗಳ ಪಟ್ಟಿಯಲ್ಲಿ ಆ ಹೆಬ್ಬಲಸು ಇರಲೇ ಇಲ್ಲ. ಅದನ್ನು ಅವನು ಯಾಕೆ ಹತ್ತಿದ ಎಂದು ನಾನು ತಲೆ ಕೆಡಿಸಿಕೊಂಡು ಕೂತಿದ್ದೆ.

ಹೂವಪ್ಪನ ಹನ್ನೊಂದರ ಕಾರ್ಯ ಮುಗಿದ ಮೇಲೆ ಅವನ ಹೆಂಡತಿ ಲಲಿತಾ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು.

"ಅಣ್ಣ, ಆ ಮರದ ಮೇಲೆ ಗಾಂಜಾ ಗಿಡ ಇದಾವೆ" ಎಂದಳು. ಅವಳೇ ಮುಂದುವರಿಸಿದಳು. "ಅವರೇ ಡಬ್ಬದಲ್ಲಿ ನೆಟ್ಟಿದ್ರು. ಎರಡು ವರ್ಷದಿಂದ ನಂಗೂ ಅವರಿಗೂ ಇದೇ ಜಗಳ. ಜೈಲಿಗೆ ಹೋಗ್ತೀರಿ ಅಂದ್ರೆ ನಗ್ತಿದ್ರು. ನೆಲದ ಮೇಲಿದ್ರೆ ದನ ನೋಡ್ತದೆ, ಗಾರ್ಡ್ ನೋಡ್ತಾನೆ, ಮರದ ಮೇಲೆ ಯಾರು ನೋಡ್ತಾರೆ ಅಂತಿದ್ರು. ಲೈನ್‌ಮ್ಯಾನ್ ಮರ ಹತ್ತಿದ್ರೆ ಯಾರೂ ಕೇಳೋದಿಲ್ವಂತೆ."

ಅದಂತೂ ನಿಜ. ಹನ್ನೊಂದು ವರ್ಷ ಜೊತೆಗಿದ್ದ ನಾನೇ ಕೇಳಿರಲಿಲ್ಲ.

"ಸೋಮವಾರ ವಿಚಾರಣೆಯವರು ನೋಡೋಕೆ ಬರ್ತಾರಂತೆ. ಗಿಡ ಸಿಕ್ಕಿದ್ರೆ ಕೆಲಸದ ಮೇಲೆ ಸತ್ತಿದ್ದು ಅಂತ ಬರೆಯೋದಿಲ್ಲ. ಆಮೇಲೆ ಅವರ ಬದಲು ನಂಗೆ ನೌಕರಿ ಎಲ್ಲಿಂದ ಕೊಡ್ತಾರೆ? ಎರಡು ಹೆಣ್ಣುಮಕ್ಕಳನ್ನ ಇಟ್ಕೊಂಡು ಎಂತ ಮಾಡ್ಲಿ? ನೀವೇ ಇಳಿಸಿ ಕೊಡ್ಬೇಕು. ಬೇರೆ ಯಾರ ಹತ್ರ ಹೇಳ್ಲಿ?"

ಒಪ್ಪಿಕೊಂಡೆ. ಆದರೆ ಅವಳು ಹೋದ ಮೇಲೆ ನನ್ನ ತಲೆಯೊಳಗೆ ಇನ್ನೊಂದು ಲೆಕ್ಕ ಶುರುವಾಯಿತು. ಗಿಡ ಸಿಕ್ಕರೆ ತಪ್ಪು ಹೂವಪ್ಪನದು. ಕಳ್ಳ ಕೆಲಸಕ್ಕೆ ಗುಟ್ಟಾಗಿ ಮರ ಹತ್ತಿದವನನ್ನು ನಾನು ಹೇಗೆ ಕಾಯಲಿ? ಗಿಡ ಸಿಗದಿದ್ದರೆ ಅವನು ಕೆಲಸಕ್ಕೇ ಹತ್ತಿದ್ದ, ಮೇಲಿರುವಾಗಲೇ ನಾನು ಕರೆಂಟ್ ಬಿಡಿಸಿದೆ ಎಂದಾಗುತ್ತದೆ. ಅವಳ ಮನೆ ಉಳಿದರೆ ನನ್ನದು ಹೋಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಗಿಡ ಇಳಿಸುವ ಮೊದಲು ಅವುಗಳ ಫೋಟೋ ತೆಗೆದುಕೊಳ್ಳಬೇಕು ಎಂದು ನಿಶ್ಚಯ ಮಾಡಿಕೊಂಡೆ. ಬೇಕಾದರೆ ತೋರಿಸಲು ಕೈಯಲ್ಲಿ ಇರಲಿ ಎಂದು.

ಭಾನುವಾರ ಬೆಳಿಗ್ಗೆ ಹೊರಟಾಗ ಲಲಿತಾ ದಾರಿಯಲ್ಲಿ ಕಾಯುತ್ತಿದ್ದಳು. "ನಾನೂ ಬರ್ತೀನಿ" ಎಂದಳು. ಬೇಡ ಎಂದೆ. "ಇಲ್ಲ ಅಣ್ಣ, ಬರ್ತೀನಿ" ಎಂದವಳು ನನ್ನ ಅಂಗಿಯ ಜೇಬು ನೋಡಿದಳು. ಜೇಬಿನಲ್ಲಿ ಮೊಬೈಲ್ ಇತ್ತು. ಅವಳಿಗೆ ನನ್ನ ಹುಳುಕು ಗೊತ್ತಾಗಿತ್ತು. ಮೂರು ಮೈಲಿ ದಾರಿ ನನ್ನ ಹಿಂದೆಯೇ ನಡೆದು ಬಂದಳು.

ಎಲ್.ಸಿ. ಕೇಳುವ ಹಾಗಿರಲಿಲ್ಲ, ಕೇಳಿದರೆ ಪುಸ್ತಕದಲ್ಲಿ ಬರೆಯುತ್ತಾರೆ. ತಂತಿಯಲ್ಲಿ ಕರೆಂಟ್ ಇತ್ತು. ತಂತಿಯ ಕಡೆಯ ಕೊಂಬೆಗಳನ್ನು ಬಿಟ್ಟು ಆಚೆ ಬದಿಯಿಂದ ಹತ್ತಿದೆ. ನನ್ನ ವಯಸ್ಸಿಗೆ ಅದು ಹತ್ತುವ ಮರವಲ್ಲ. ಅವನು ಕಾಲಿಟ್ಟು ಕಾಲಿಟ್ಟು ತೊಗಟೆ ಸವೆದ ಜಾಗಗಳು ಮೆಟ್ಟಿಲಿನ ಹಾಗೆ ಸಿಗುತ್ತಾ ಹೋದವು. ಎಷ್ಟು ಸಲ ಹತ್ತಿದ್ದನೋ ಪಾಪಿ. ನಾನು ಕೆಳಗೆ ಬೀಡಿ ಸೇದುತ್ತಾ ಅವನು ಕೊಂಬೆ ಕಡಿಯುತ್ತಿದ್ದಾನೆ ಎಂದುಕೊಂಡ ಎಷ್ಟು ಮಧ್ಯಾಹ್ನಗಳಲ್ಲಿ ಇಲ್ಲಿ ನೀರು ಹೊಯ್ಯುತ್ತಿದ್ದನೋ ಎನಿಸಿ ಸಿಟ್ಟೂ ಬಂತು, ಅಳುವೂ ಬಂತು.

ತುದಿಯ ಹತ್ತಿರ ಕೊಂಬೆಗಳು ಕವಲೊಡೆಯುವಲ್ಲಿ ಪೇಂಟಿನ ಏಳು ಖಾಲಿ ಡಬ್ಬಗಳನ್ನು ತಂತಿಯಿಂದ ಕಟ್ಟಿದ್ದ. ಅದು ನಮ್ಮದೇ ಬೈಂಡಿಂಗ್ ತಂತಿ, ಕಟ್ಟಿದ ರೀತಿಯೂ ನಾನು ಕಲಿಸಿದ್ದೇ. ನೀರಿಲ್ಲದೆ ಗಿಡಗಳೆಲ್ಲ ಬಾಡಿ ಜೋತುಬಿದ್ದಿದ್ದವು. ಮಣ್ಣು ಬಿರುಕು ಬಿಟ್ಟಿತ್ತು. ಮೇಲೆ ಆಕಾಶ, ಸುತ್ತ ಎಲೆ. ಅಲ್ಲಿ ಹೀಗೊಂದು ತೋಟ ಇದೆ ಎಂದು ಕೆಳಗಿನಿಂದ ಯಾವ ಕಣ್ಣಿಗೂ ಬೀಳುತ್ತಿರಲಿಲ್ಲ. ಬೆಲ್ಟನ್ನು ಕೊಂಬೆಗೆ ಬಿಗಿದು, ಮೊಬೈಲ್ ತೆಗೆದು ಕ್ಯಾಮೆರಾ ತೆರೆದು ಹಿಡಿದೆ. ಡಬ್ಬಗಳು ಸರಿಯಾಗಿ ಕಾಣುವಂತೆ ಸ್ವಲ್ಪ ಬಾಗಿದೆ.

ಆಗ ಕೆಳಗಿನಿಂದ ಕೂಗು ಬಂತು. "ಇಳ್ದೇ ಮಾರಾಯ್ರೇ."

ಹೂವಪ್ಪನ ಧ್ವನಿ, ಹೂವಪ್ಪನ ರಾಗ. ದೂರದಿಂದಲ್ಲ, ಮರದ ಬುಡದಿಂದಲೇ. ನಾನು ಕೆಳಗೆ ನೋಡಿದೆ. ಲಲಿತಾ ಒಬ್ಬಳೇ ನಿಂತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಮೇಲೆ ನೋಡುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಬೆಲ್ಟ್ ಇಲ್ಲದಿದ್ದರೆ ನಾನೂ ಅವನು ಬಿದ್ದ ಜಾಗದಲ್ಲೇ ಬೀಳುತ್ತಿದ್ದೆ. ಎಷ್ಟು ಹೊತ್ತು ಹಾಗೇ ಕೊಂಬೆ ತಬ್ಬಿಕೊಂಡಿದ್ದೆನೋ ಗೊತ್ತಿಲ್ಲ. ಆಮೇಲೆ ಮೊಬೈಲನ್ನು ಜೇಬಿಗೆ ಹಾಕಿದೆ. ಫೋಟೋ ತೆಗೆಯಲಿಲ್ಲ. ಭಯಕ್ಕೋ, ಅವಳ ಮುಖ ನೋಡಿಯೋ, ಯಾವುದಕ್ಕೆ ಎಂದು ಇವತ್ತಿಗೂ ಹೇಳಲಾರೆ. ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿ ಏಳೂ ಡಬ್ಬಗಳನ್ನು ಚೀಲಕ್ಕೆ ತುಂಬಿ ಹಗ್ಗದಲ್ಲಿ ಇಳಿಸಿದೆ.

ನಾನು ಇಳಿದು ಬಂದಾಗ ಅವಳ ಕಣ್ಣು ಕೆಂಪಗಾಗಿತ್ತು. ನಾನು ಸುಧಾರಿಸಿಕೊಳ್ಳುವ ಮೊದಲೇ ಶುರು ಮಾಡಿದಳು.

"ಅಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದು ಸಲ ಹಂಗೆ ಮಾಡ್ಬೇಡಿ."

"ಎಂತ ಮಾಡಿದೆ?"

"ಅವರ ಧ್ವನಿ ಮಾಡಿ ಕೂಗಿದ್ರಲ್ಲ ಮೇಲಿಂದ. ತಮಾಷೆಗೋ ಎಂತಕ್ಕೋ ಗೊತ್ತಿಲ್ಲ. ನಂಗೆ ಜೀವವೇ ಹೋದ ಹಂಗಾಯ್ತು."

ಅವಳಿಗೆ ಅದು ಮರದ ತುದಿಯಿಂದ ಕೇಳಿಸಿತ್ತು. ನನಗೆ ಬುಡದಿಂದ. ನಾನು ಬಾಯಿ ತೆರೆದಿರಲಿಲ್ಲ. ಅವಳೂ ತೆರೆದಿರಲಿಲ್ಲ. ಇದನ್ನು ಅವಳಿಗೆ ಹೇಗೆ ಹೇಳಲಿ? ಎರಡು ಮಕ್ಕಳನ್ನು ಕಟ್ಟಿಕೊಂಡು ಆ ಮನೆಯಲ್ಲಿ ಒಬ್ಬಳೇ ಮಲಗಬೇಕಾದವಳು. "ತಪ್ಪಾಯ್ತು ತಂಗಿ, ಅಭ್ಯಾಸಬಲ, ಬಾಯಿಗೆ ಬಂದುಬಿಡ್ತು" ಎಂದೆ. ಅವಳು ಮತ್ತೆ ನನ್ನ ಮುಖ ನೋಡಲಿಲ್ಲ. ಹಳ್ಳದ ಪಕ್ಕ ಗಿಡಗಳನ್ನು ಕಿತ್ತು ಸುಟ್ಟೆವು. ಡಬ್ಬಗಳನ್ನು ಜಜ್ಜಿ ಹೂತೆವು.

ಸೋಮವಾರ ವಿಚಾರಣೆಯವರು ಬಂದರು. ಕೂಗು ಕೇಳಿದ ಮೇಲೆಯೇ ಎಲ್.ಸಿ. ವಾಪಸ್ ಕೊಟ್ಟಿರಾ ಎಂದು ಕೇಳಿದರು. ಕೇಳಿತು ಎಂದರೆ ಸತ್ತವನು ಸುಳ್ಳು ಕೂಗಿದ ಎಂದಾಗುತ್ತದೆ, ಆಮೇಲೆ ಯಾಕೆ ಕೂಗಿದ, ಆ ಮರ ಯಾಕೆ ಹತ್ತಿದ ಎಂದು ಕೆದಕುತ್ತಾರೆ. ಕೇಳಲಿಲ್ಲ, ಅಜಾಗರೂಕತೆ ನನ್ನದು ಎಂದು ಬರೆದು ಸಹಿ ಹಾಕಿದೆ. ಆರು ತಿಂಗಳು ಸಸ್ಪೆಂಡ್ ಆದೆ. ಬಡ್ತಿ ನಿಂತಿತು. ಮಂಡಗದ್ದೆಯ ಕಡೆ ವರ್ಗವಾಗಿ, ಅಲ್ಲಿಂದಲೇ ನಿವೃತ್ತನಾದೆ. ಹೊಸ ಜಾಗಕ್ಕೆ ಹೋಗುವ ಮೊದಲೇ ಸುದ್ದಿ ಹೋಗಿತ್ತು. ಅಲ್ಲಿನ ಹುಡುಗರು ನಾನು ಎಲ್.ಸಿ. ತೆಗೆದುಕೊಂಡ ದಿನ ಮರ ಹತ್ತಲು ಹಿಂದೆ ಮುಂದೆ ನೋಡುತ್ತಿದ್ದರು.

ಏನೇನೋ ಯೋಚಿಸಿದ್ದೇನೆ. ನಮ್ಮ ಕಾಡಿನಲ್ಲಿ ಕಾಜಾಣ ಹಕ್ಕಿ ಕೇಳಿದ ಸದ್ದನ್ನೆಲ್ಲ ಅನುಕರಿಸುತ್ತದೆ. ವರ್ಷಗಟ್ಟಲೆ ಆ ಲೈನಿನಲ್ಲಿ ಹೂವಪ್ಪನ ರಾಗ ಕೇಳಿದ ಹಕ್ಕಿಯೊಂದು ಅದನ್ನು ಕಲಿತಿರಬಹುದು. ಹಾಗಾದರೆ ಒಂದು ಹಕ್ಕಿಯ ಮಾತು ನಂಬಿ ನಾನು ಮನುಷ್ಯನನ್ನು ಕೊಂದೆ ಎಂದಾಯಿತು. ಆದರೆ ಮೊದಲ ಸಲ ಮರದ ಹತ್ತಿರವೇ ಇದ್ದ ಕೂಲಿಯವರಿಗೆ ಕೇಳದ್ದು, ತಿರುವಿನ ಈಚೆ ಇದ್ದ ನನಗೆ ಹೇಗೆ ಕೇಳಿತು? ಎರಡನೆಯ ಸಲ ಒಂದೇ ಹಕ್ಕಿ ಮರದ ಮೇಲೂ ಕೆಳಗೂ ಹೇಗೆ ಕೂತಿತು? ನನ್ನ ಮನಸ್ಸಿನ ಭ್ರಮೆ ಎನ್ನೋಣವೆಂದರೆ ಲಲಿತಾಳಿಗೂ ಅದೇ ಹೊತ್ತಿಗೆ ಕೇಳಿತಲ್ಲ. ಒಬ್ಬ ಡಾಕ್ಟರ ಹತ್ತಿರ ಹೇಳಿಕೊಂಡೆ, ನಿದ್ದೆ ಮಾತ್ರೆ ಬರೆದುಕೊಟ್ಟರು. ದೇವಸ್ಥಾನದ ಭಟ್ಟರ ಹತ್ತಿರ ಹೇಳಿಕೊಂಡೆ, ಅವರು ಒಂದು ಶಾಂತಿ ಹೇಳಿದರು. ಎರಡೂ ಮಾಡಿದೆ.

ಲಲಿತಾಳಿಗೆ ಸಾಗರದಲ್ಲಿರುವ ನಮ್ಮ ಇಲಾಖೆಯ ಕಚೇರಿಯಲ್ಲಿ ಕೆಲಸ ಸಿಕ್ಕಿತು. ದೊಡ್ಡ ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಮೊನ್ನೆ ಪಿಂಚಣಿಯ ಕಾಗದಕ್ಕೆಂದು ಹೋದಾಗ ಕುರ್ಚಿ ಹಾಕಿ ಕೂರಿಸಿ ಚಹಾ ತರಿಸಿದಳು. ನನ್ನ ಕಾಗದವನ್ನು ತಾನೇ ಓಡಾಡಿ ಸಹಿ ಮಾಡಿಸಿ ತಂದಳು. ಹೊರಡುವಾಗ ಗೇಟಿನ ತನಕ ಬಂದಳು.

"ಅಣ್ಣ, ನಿಮ್ಮಿಂದ ನಮ್ಮ ಮನೆ ನಿಂತದೆ. ಅದನ್ನ ನಾನು ಸಾಯೋ ತನಕ ಮರೆಯೋದಿಲ್ಲ" ಎಂದಳು. ಗೇಟಿನ ಚಿಲಕ ತೆಗೆಯುತ್ತಾ, "ಆದ್ರೆ ಅವತ್ತು ಅವರ ಹಂಗೆ ಕೂಗಿದ್ರಲ್ಲ, ಅದೊಂದು ಮಾಡ್ಬಾರದಿತ್ತು ನೀವು" ಎಂದಳು.

ನಾನು ತಲೆ ತಗ್ಗಿಸಿ ಹೂಂ ಎಂದೆ. ಇನ್ನೇನು ಹೇಳಲಿ? ಕೂಗಿದ್ದು ಯಾರು ಎಂದು ನನಗೆ ಗೊತ್ತಿದ್ದರೆ ತಾನೇ ಹೇಳುವುದು.