ಬಿಸಿಲು ಇಳಿಯುವ ತನಕ ಕೂತವರ ಬ್ಯಾಂಕು

ನಾನು ಗುಮಾಸ್ತೆಯಾಗಿದ್ದ ಬ್ಯಾಂಕು ನಿಜಾಮರ ಕಾಲದ ಹತ್ತಿ ವ್ಯಾಪಾರಿಯೊಬ್ಬರ ಕೋಠಿಯಲ್ಲಿತ್ತು, ದೊಡ್ಡ ಬಂಗಲೆ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಾರೆ, ಸಾಲು ಕಮಾನು, ಅಂಗಾಲಿಗೆ ತಂಪು ತಾಗುವ ಶಹಾಬಾದಿ ಕಲ್ಲಿನ ನೆಲ. ಛತ್ತಿನ ಹತ್ತಿರ ಬಿಟ್ಟ ಸಣ್ಣ ಕಿಂಡಿಗಳಿಂದ ಬಿಸಿಗಾಳಿ ತಾನೇ ಹೊರಗೆ ಹೋಗುತ್ತಿತ್ತು. ಕಲಬುರಗಿಯ ಬಿಸಿಲು ಬಲ್ಲವರು ಕಟ್ಟಿದ್ದು. ಜೇವರ್ಗಿ ಕಾಲೋನಿಯ ನಮ್ಮ ಬಾಡಿಗೆ ಮನೆಯೋ, ಬೇಸಿಗೆಯಲ್ಲಿ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಅದಕ್ಕೇ ನಾನು ರಜೆ ಹಾಕುವುದಿಲ್ಲವೆಂದು ಜೊತೆಯವರು ಕಾಡಿಸುತ್ತಿದ್ದರು. ಸುಳ್ಳೇನಲ್ಲ.

ನನ್ನ ತವರು ಕಮಲಾಪುರದವರಿಗೂ ಆ ತಂಪು ಗೊತ್ತಿತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರುವರು. ಕೆಲಸ ಮುಗಿದರೂ ಬಿಸಿಲು ಇಳಿಯುವ ತನಕ ಗೋಡೆಗೆ ಬೆನ್ನು ಕೊಟ್ಟು ಕೂಡುವುದು ಅವರ ಪದ್ಧತಿ. ಬುತ್ತಿ ಬಿಚ್ಚುವವರೂ ಇದ್ದರು. ಮ್ಯಾನೇಜರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕೋಠಿ ಕೆಡವಿ ಗಾಜಿನ ಕಟ್ಟಡ ಎಬ್ಬಿಸುವ ಮಾತು ಬಂತು. ನೋಡಿ ತೀರ್ಮಾನ ಹೇಳಲು ಬೆಂಗಳೂರಿನಿಂದ ಎಂಜಿನಿಯರ್ ಬರುವವರಿದ್ದರು.

"ನಾಳೆ ನಿಮ್ಮ ಊರಿನವ್ರನ್ನ ಒಳಗ ಕೂಡಸಬ್ಯಾಡ್ರಿ ಬಾಯಾರ. ಇದೇನು ಬ್ಯಾಂಕೋ ಚಾವಡಿಯೋ?" ಎಂದರು ಮ್ಯಾನೇಜರ್.

ನನಗೆ ಮೈಯೆಲ್ಲ ಉರಿಯಿತು. "ಎಬ್ಬಸೋದು ನನ್ನ ಕೈಲೆ ಆಗಂಗಿಲ್ರಿ ಸರ್. ನೀವೇ ಎಬ್ಬಸ್ರಿ" ಎಂದೆ. ಅವರೂ ಎಬ್ಬಿಸಲಿಲ್ಲ.

ಮರುದಿನ ಎಂಜಿನಿಯರ್ ಬಂದಾಗ ಕರೆಂಟು ಹೋಗಿತ್ತು. ಬೆವರಿನಲ್ಲಿ ತೊಯ್ದವರು ಒಳಗೆ ಬಂದು ಮುಖ ಒರೆಸಿಕೊಂಡರು. ಗೋಡೆ ಮುಟ್ಟಿದರು, ಕಮಾನು ತಟ್ಟಿದರು, ಮಾಳಿಗೆ ಹತ್ತಿ ಇಳಿದರು. ಆಮೇಲೆ ಬೂಟು ಕಳಚಿ, ಕಮಲಾಪುರದ ಮುದುಕಿಯೊಬ್ಬಳ ಪಕ್ಕದಲ್ಲಿ ಗೋಡೆಗೆ ಒರಗಿದರು. ಆಕೆ ಸರಿದು ಜಾಗ ಕೊಟ್ಟಳು. "ಕುಂದರ್ರಿ ಸಾಹೇಬ್ರ, ಬಿಸಲು ಇಳೀಲಿ." ಸಾಹೇಬರು ಗೊರಕೆ ಹೊಡೆಯತೊಡಗಿದರು. ಮ್ಯಾನೇಜರ್ ಕೆಮ್ಮಿ ನೋಡಿದರು, ಉಪಯೋಗವಾಗಲಿಲ್ಲ.

ಎದ್ದ ಮೇಲೆ ಅವರು ಹೇಳಿದ್ದು ಇಷ್ಟು: "ಗೋಡೆ ಗಟ್ಟಿಯಾಗಿದೆ. ಛಾವಣಿ ಸೋರುತ್ತೆ, ಅದನ್ನ ರಿಪೇರಿ ಮಾಡಿಸಿ. ಇಂಥದ್ದನ್ನ ಕೆಡವಿದ್ರೆ ಮತ್ತೆ ಕಟ್ಟೋಕೆ ನಮಗೆ ಬರಲ್ಲ."

ಆ ಮಾತು ಕೇಳಿ ನನ್ನ ಕಣ್ಣು ತುಂಬಿತು. ಕಟ್ಟಿದ್ದು ನಾನಲ್ಲ, ನಮ್ಮಪ್ಪನೂ ಅಲ್ಲ, ಆದರೂ ಹೆಮ್ಮೆ ನನ್ನದೇ ಎನ್ನಿಸಿತು.

ಸಂಜೆ ತವರಿಗೆ ಹೊರಟಿದ್ದೆ. ಬಸ್ಸಿನಲ್ಲಿ ಅದೇ ಮುದುಕಿ, "ನಮ್ಮ ಬ್ಯಾಂಕ್ ಉಳೀತು ನೋಡ್ರಿ" ಎಂದು ಸಿಕ್ಕವರಿಗೆಲ್ಲ ಸಾರುತ್ತಿದ್ದಳು. ನಿಮ್ಮ ಖಾತೆ ಯಾವಾಗ ತೆಗೆದದ್ದು ಎಂದು ಕೇಳಿದೆ.

"ನಂದೆಲ್ಲಿ ಖಾತೆ ಯವ್ವಾ," ಎಂದಳು. "ನಾ ದವಾಖಾನಿಗಿ ಬರಾಕಿ."