ತಸ್ಲೀಮಾ ಬರೆದುಕೊಟ್ಟ ‘ಓ’ ಕಾರ್ಡು

ಬೆಳಗಿನ ಆರು ಗಂಟೆ. ಕೊಪ್ಪಳದ ರಕ್ತನಿಧಿಯೊಂದರಲ್ಲಿ ತಸ್ಲೀಮಾ ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸುತ್ತಾರೆ. ಒಳಗಿರುವುದು ರೋಗಿಯ ರಕ್ತದ ತಿಳಿನೀರು ಮತ್ತು ದಾನಿಯ ಕೆಂಪುಕಣ. ತಳದ ಕೆಂಪು ಸಲೀಸಾಗಿ ಹರಡಿದರೆ ರಕ್ತ ಹೊಂದುತ್ತದೆ. ಚೂರುಚೂರಾಗಿ ಎದ್ದರೆ ಕಣಗಳು ಗಂಟು ಕಟ್ಟಿವೆ. ಆ ಬಾಟಲಿ ಏರಿಸಿದರೆ ರೋಗಿಯ ಜೀವಕ್ಕೇ ಕುತ್ತು. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಮೂವತ್ತು ನಳಿಕೆ ನೋಡುವ ಈ ಗಂಗಾವತಿಯ ಹೆಣ್ಣುಮಗಳ ಹೆಸರು ಒಬ್ಬ ರೋಗಿಗೂ ಗೊತ್ತಿಲ್ಲ.

ಹೋದ ವರ್ಷ ಹನುಮಸಾಗರದ ಕವಿತಾಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಅವಳ ರಕ್ತಗುಂಪಿನ ಕಾರ್ಡಿನಲ್ಲಿ ‘ಓ’ ಎಂದಿತ್ತು. ತಸ್ಲೀಮಾ ‘ಓ’ ಬಾಟಲಿ ತೆಗೆದು ಪರೀಕ್ಷಿಸಿದರೆ ಗಂಟು!

“ಥಂಡಿಗೆ ಹಿಂಗಾಗೈತಿ ಅಂತ ನಳಿಕಿ ಬೆಚ್ಚಗ ಮಾಡಿ ನೋಡಿದ್ನಿ. ಗಂಟು ಬಿಡಲಿಲ್ರಿ. ಇನ್ನೆರಡು ಬಾಟಲಿ ತಗದೆ, ಅವೂ ಗಂಟು.” ತಸ್ಲೀಮಾ ನನಗೆ ಹೇಳಿದರು.

ಹೊರಗೆ ಕವಿತಾಳ ತಮ್ಮ ಯಂಕೇಶ ಬಾಗಿಲು ಬಡಿಯುತ್ತಿದ್ದ. “ಓ ಅಂತ ಬರದೈತಿ ನೋಡ್ರಿ, ಮತ್ಯಾಕ ಕೊಡವಲ್ರಿ?” ಅವನು ಚಾಚಿದ ಕಾರ್ಡನ್ನು ತಸ್ಲೀಮಾ ತೆಗೆದುಕೊಂಡು ನೋಡಿದರು. ಕೆಳಗಿದ್ದ ಸಹಿ ಅವರದೇ.

ಎಂಟು ವರ್ಷದ ಹಿಂದೆ ಹನುಮಸಾಗರದ ರಕ್ತ ತಪಾಸಣೆ ಶಿಬಿರದಲ್ಲಿ ಅವರೇ ಕವಿತಾಳ ಗುಂಪು ನೋಡಿದ್ದರು. ನೀಲಿ ಔಷಧಿಯ ಹನಿ, ಹಳದಿ ಔಷಧಿಯ ಹನಿ. ಎರಡರಲ್ಲೂ ರಕ್ತ ಗಂಟು ಕಟ್ಟದಿದ್ದರೆ ‘ಓ’ ಎಂದು ಬರೆಯುವುದು. ಅಪರೂಪದ ಬಾಂಬೆ ಗುಂಪಿನ ರಕ್ತವೂ ಹಾಗೆಯೇ ಕಾಣುತ್ತದೆ, ಆದರೆ ಅದಕ್ಕೆ ‘ಓ’ ರಕ್ತ ಹೊಂದುವುದಿಲ್ಲ; ಕವಿತಾಳದು ಆ ಗುಂಪು. ಅದನ್ನು ಹಿಡಿಯಲು ಇನ್ನೊಂದು ಪರೀಕ್ಷೆ ಬೇಕು. ಆ ದಿನ ಜನಜಂಗುಳಿಯಲ್ಲಿ ಅದನ್ನು ಬಿಟ್ಟಿದ್ದರು.

ಒಡಹುಟ್ಟಿದವರಲ್ಲಿ ಅದೇ ರಕ್ತ ಇರಬಹುದೆಂದು ಯಂಕೇಶನದನ್ನು ಪರೀಕ್ಷಿಸಿದರು. ಹೊಂದಿತು. ಕವಿತಾ ಉಳಿದಳು.

“ಸಹಿ ನಿಮ್ಮದೇ ಅಂತ ಅವನಿಗೆ ಹೇಳಿದಿರಾ?” ಎಂದೆ.

“ಹೇಳಿದ್ನಿರಿ. ಬೈತಾನ ಅನ್ಕೊಂಡಿದ್ದೆ. ಕಾರ್ಡು ಇನ್ನೊಮ್ಮಿ ನೋಡಿದ. ಆಮ್ಯಾಲ, ‘ಅಕ್ಕಾರ, ಅವತ್ತ ನಮ್ಮೂರಾಗ ಇನ್ನ ಯಾರ್ಯಾರಿಗೆ ಓ ಅಂತ ಬರದೀರಿ?’ ಅಂದ.”

ಇನ್ನೂರ ಹನ್ನೆರಡು ಮಂದಿಗೆ! ಈಗ ತಸ್ಲೀಮಾಗೆ ರವಿವಾರದ ಸೂಟಿ ಎಂಬುದಿಲ್ಲ. ಅಂದು ಬಿಟ್ಟ ಪರೀಕ್ಷೆಯನ್ನು ಮಾಡಲು ಶಿಬಿರದ ಹಳೆಯ ಪಟ್ಟಿ ಹಿಡಿದು ಹನುಮಸಾಗರದ ಬಸ್ಸು ಹತ್ತುತ್ತಾರೆ. ಯಂಕೇಶ ಮನೆಮನೆಗೆ ಹೋಗಿ ಜನರನ್ನು ಕರೆತರುತ್ತಾನೆ. ನಲವತ್ತೊಂದು ಮಂದಿ ಇನ್ನೂ ಸಿಕ್ಕಿಲ್ಲ. ಕೆಲವರು ದುಡಿಯಲು ಹೋಗಿದ್ದಾರೆ, ಕೆಲವರು ಮದುವೆಯಾಗಿ ಬೇರೆ ಊರು ಸೇರಿದ್ದಾರೆ.

ನಿಮಗೇನು ಆಸೆ ಎಂದು ಕೇಳಿದೆ. ಪಟ್ಟಿಯಿಂದ ಕಣ್ಣೆತ್ತದೆ ಹೇಳಿದರು: “ನಾ ಅವರನ್ನ ಹುಡುಕೂತನಕ, ಅವರಿಗೆ ಯಾರಿಗೂ ರಕ್ತ ಬೇಕಾಗಬಾರದ್ರಿ. ಅಷ್ಟ.”